ಚಿಗರಿಯ ಕೆಳದಾರಿ

ಶಹಾಪುರದಿಂದ ಸುರಪುರಕ್ಕೆ ಹೋಗುವ ಹೆದ್ದಾರಿಯ ಕೆಳಗೆ ಚಿಗರಿಗಳು, ಅಂದರೆ ಜಿಂಕೆಗಳು, ದಾಟಲೆಂದು ನಮ್ಮ ಇಲಾಖೆಯಿಂದ ಒಂದು ದಾರಿ ಮಾಡಿಸಿದೆವು. ನಕ್ಷೆ ನನ್ನದು. ಎತ್ತರ ಸಾಲದೆಂದು ಗುತ್ತಿಗೆದಾರನ ಜೊತೆ ಜಗಳಾಡಿ ಒಂದು ಮೊಳ ಹೆಚ್ಚಿಸಿಕೊಂಡವನೂ ನಾನೇ. ರಸ್ತೆಗುಂಟ ತಂತಿಬೇಲಿ, ದಾರಿಯೊಳಗೆ ಜರಡಿ ಹಿಡಿದ ಮಣ್ಣಿನ ಹಾಸು. ಯಾವ ಪ್ರಾಣಿ ದಾಟಿದರೂ ಹೆಜ್ಜೆ ಮೂಡಬೇಕು. ಕ್ಯಾಮೆರಾ ಕೂಡ ಕಟ್ಟಿದ್ದೆವು. ಮೊದಲ ವಾರವೇ ಯಾರೋ ಪುಣ್ಯಾತ್ಮರು ಬಿಚ್ಚಿಕೊಂಡು ಹೋದರು.

ಎರಡು ತಿಂಗಳು ದಿನಾ ಬೆಳಿಗ್ಗೆ ಯಾದಗಿರಿಯಿಂದ ಬಸ್ಸಿಗೆ ಬಂದು ನೋಡಿದೆ. ಒಂದಾದರೂ ಹೆಜ್ಜೆ? ಊಹೂಂ. ಪ್ರಾಣಿ ಬಳಸದ ದಾರಿಗೆ ಸಿಮೆಂಟು ಯಾಕೆ, ನಾಡಿದ್ದು ಬಂದು ನೋಡುತ್ತೇನೆ, ಏನೂ ಇಲ್ಲದಿದ್ದರೆ ಇದೇ ಹೆದ್ದಾರಿಗೆ ಮುಂದೆ ಆಗಬೇಕಿರುವ ಎರಡೂ ದಾರಿ ರದ್ದು ಎಂದು ಮೇಲಧಿಕಾರಿ ಫೋನಿನಲ್ಲಿ ಹೇಳಿಬಿಟ್ಟರು. ಆ ಎರಡು ಜಾಗಗಳಲ್ಲಿ ಲಾರಿಗೆ ಸಿಕ್ಕ ಚಿಗರಿಗಳನ್ನು ರಸ್ತೆಯಿಂದ ಎಳೆದು ಹಾಕಿದ ಕೈ ಇವು.

ಮರುದಿನ ಮೊದಲ ಬಸ್ಸನ್ನೇ ಹಿಡಿದೆ. ಇಳಿದಾಗ ಹೊತ್ತು ಆಗಷ್ಟೇ ಮೂಡುತ್ತಿತ್ತು. ಮಣ್ಣು ನೋಡಿಕೊಳ್ಳಲು ನಾನೇ ನೇಮಿಸಿದ್ದ ಪಕ್ಕದೂರಿನ ಮುದುಕಿ, ಎಲ್ಲರೂ ಆಯಿ ಅನ್ನುವವಳು, ದಾರಿಯೊಳಗೆ ಬಗ್ಗಿ ಕಸಬರಿಗೆಯಿಂದ ಸರಸರ ಕಸ ಹೊಡೆಯುತ್ತಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು. ಇದೇನು ಮಾಡುತ್ತಿದ್ದೀ ಎಂದೆ.

"ದಿನಾ ಮಾಡೂದರಿ ಸರ. ನಸುಕಿನ್ಯಾಗ ಚಿಗರಿ ಅಡ್ಡಾಡಿ ಎಲ್ಲಾ ಕೆದರಿ ಹೋಗ್ತಾವ. ನೀವು ಬರೂದ್ರಾಗ ಚೊಕ್ಕ ಇರಬೇಕಂದಿದ್ರಲ್ಲ?"

ಅಂದಿದ್ದೆ! ಸಂಜೆ ಸಮ ಮಾಡು, ಬೆಳಿಗ್ಗೆ ಮುಟ್ಟಬೇಡ ಎನ್ನುವುದು ಬಿಟ್ಟು ಬರೀ ಚೊಕ್ಕ ಅಂದಿದ್ದೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಅಂಗಳ ಗುಡಿಸಿ ನೀರು ಹೊಡೆಯದೆ ಒಲೆ ಹಚ್ಚದ ಆಯಿ ಇನ್ನೇನು ಮಾಡಿಯಾಳು? ಬೈಯಬೇಕೆಂದವನಿಗೆ ನಗು ಉಕ್ಕಿ ಬಂತು. ಬಂದಿವೆ, ದಿನಾ ಬಂದಿವೆ! ಆ ಹೆಜ್ಜೆಗಳೇ ನಮಗೆ ಬೇಕಾದದ್ದು ಎಂದು ಬಿಡಿಸಿ ಹೇಳಿದಾಗ ಆಯಿ ಕಸಬರಿಗೆ ಹಿಡಿದೇ ಕುಕ್ಕರಿಸಿಬಿಟ್ಟಳು. ಸಂಜೆ ಇಬ್ಬರೂ ಕೂಡಿ ಮಣ್ಣು ಸಮ ಮಾಡಿದೆವು.

ಮರುದಿನ ನಾನೂ ಅಧಿಕಾರಿಯೂ ಹೋದಾಗ ಆಯಿ ಆಗಲೇ ದಾರಿಯ ಬಾಯಿಗೆ ನಿಂತಿದ್ದಳು. ಬೂಟುಗಾಲಲ್ಲಿ ನುಗ್ಗಹೊರಟ ಅಧಿಕಾರಿಗೆ ಕಸಬರಿಗೆ ಅಡ್ಡ ಹಿಡಿದಳು.

"ಅಲ್ಲೇ ನಿಂದರ್ರಿ ಸಾಹೇಬ್ರ. ಮರಿ ಹೆಜ್ಜಿ ಅದಾವ, ತುಳೀಬ್ಯಾಡ್ರಿ."

ದೊಡ್ಡ ಗೊರಸುಗಳ ಪಕ್ಕದಲ್ಲೇ ನನ್ನ ಹೆಬ್ಬೆರಳಿನಷ್ಟು ಗೊರಸಿನ ಗುರುತುಗಳು, ಈ ತುದಿಯಿಂದ ಆ ತುದಿಯವರೆಗೆ. ನನಗೆ ಕುಣಿಯಬೇಕೆನಿಸಿತು. ಅಧಿಕಾರಿ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ, ಉಳಿದ ಎರಡರ ನಕ್ಷೆ ತಂದಿದ್ದೀರಾ ಎಂದು ಕೇಳಿದರು.

ಬ್ಯಾಗಿನಿಂದ ಎರಡನ್ನೂ ತೆಗೆದು, ಹೆಜ್ಜೆ ತುಳಿಯದಂತೆ ದಾರಿಯ ಹೊರಗೆ ನೆಲದ ಮೇಲೆ ಹಾಸಿದೆ.