ಮೇಜಣ್ಣನ ಮೈಭಾರ

ರಸ್ತೆ ಕೆಲಸದ ಗುಂಪು ಎಲ್ಲಿ ಡೇರೆ ಹಾಕಿದರೂ ಲಾರಿಯಿಂದ ಮೊದಲು ಇಳಿಯುವುದು ಅಡುಗೆಯ ಮೇಜು, ಅದರ ಹಿಂದೆಯೇ ಮೇಜಣ್ಣ. ಹೆತ್ತವರು ಇಟ್ಟ ಹೆಸರು ಗುತ್ತಿಗೆದಾರನಿಗೂ ಮರೆತುಹೋಗಿದೆ. ಮರಳಾಗಲಿ, ಉತ್ತ ಹೊಲವಾಗಲಿ, ಅವನು ನಿಲ್ಲಿಸಿದ ಮೇಜು ಅಲ್ಲಾಡಿದ್ದಿಲ್ಲ. ಮೇಜಿನ ಕಾಲಿಗೆ ಕಲ್ಲು ಕೊಡುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಒಂದು ಕಲ್ಲು ಹೂತುಹೋಗುತ್ತದೆ, ಇನ್ನೊಂದು ಹೂತುಹೋಗುವುದಿಲ್ಲ, ಅಲ್ಲಿಗೆ ಊಟ ಮಣ್ಣುಪಾಲು. ಎರಡೆರಡು ಕಾಲಿಗೆ ಸೇರಿಸಿ ಒಂದು ಅಗಲವಾದ ಹಲಗೆ ಹಾಸಬೇಕು. ತಗ್ಗಿಗೆ ಮಣ್ಣು ತುಂಬಬಾರದು, ಉಬ್ಬನ್ನು ಕೆರೆಯಬೇಕು.

ಇಷ್ಟೆಲ್ಲ ಆದ ಮೇಲೆ ತಾನೇ ಮೇಜು ಹತ್ತಿ, ಒಂದೊಂದು ಮೂಲೆಯಲ್ಲೂ ನಿಂತು ಮೈಭಾರ ಬಿಟ್ಟು ಕುಲುಕುತ್ತಿದ್ದ. ಕುಸಿಯುವುದಿದ್ದರೆ ಈಗಲೇ ಕುಸಿಯಲಿ ಎಂದು. ಗುಂಪಿಗೆ ಅಡುಗೆ ಮಾಡುತ್ತಿದ್ದ ಅವನ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ತುಂಬಿದ ಹಂಡೆಗೂ ನಿಮಗೂ ಏನೂ ವ್ಯತ್ಯಾಸ ಇಲ್ಲ ಬಿಡಿ. ಹಂಡೆಯಾದ್ರೂ ಸಂಜೆ ಹೊತ್ತಿಗೆ ಖಾಲಿಯಾಗುತ್ತೆ."

ಹೋದ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಮೇಜಣ್ಣ ಅಳಲಿಲ್ಲ. ಅತ್ತುಬಿಡು, ಹಗುರಾಗುತ್ತದೆ ಎಂದು ನಾಲ್ಕು ಜನ ಹೇಳಿದರು. ಅವನಿಗೆ ಭಾರ ಅಂತಲೂ ಅನ್ನಿಸಿರಲಿಲ್ಲ. ಏನೂ ಅನ್ನಿಸಿರಲಿಲ್ಲ. ಸೌಟು ಮಗಳ ಕೈಗೆ ಬಂತು. ಅವಳು ಬಡಿಸಿದ್ದರಲ್ಲಿ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನಾಯಿಗೆ ಸುರಿದು, ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ. ಪ್ಯಾಂಟು ಜಾರತೊಡಗಿದಾಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅದು ಯಾಕೆ ಜಾರುತ್ತಿದೆ ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ.

ಈ ಸಲ ಡೇರೆ ಬಿದ್ದದ್ದು ಬತ್ತಿದ ಕೆರೆಯ ಅಂಗಳದಲ್ಲಿ. ಮೇಲೆ ಒಣಮಣ್ಣು, ಒಳಗೆ ಹಸಿ ಕೆಸರು. ಮೇಜಣ್ಣ ಹಲಗೆ ಹಾಸಿದ, ಉಬ್ಬು ಕೆರೆದ, ಹತ್ತಿ ಕುಲುಕಿದ. ಮೇಜು ಮಿಸುಕಲಿಲ್ಲ. ಮಧ್ಯಾಹ್ನ ಮಗಳೂ ಒಬ್ಬ ಕೂಲಿಯವನೂ ಸೇರಿ ಬೇಳೆ ಬೆಂದ ಹಂಡೆಯನ್ನು ಒಲೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. ಅವಳು ಸೌಟು ಎತ್ತಿಕೊಳ್ಳುವಷ್ಟರಲ್ಲಿ ಅವಳ ಕಡೆಯ ಹಲಗೆ ಕೆಸರಿಗಿಳಿಯಿತು, ಹಂಡೆ ಜಾರಿತು. ಹಿಂದಕ್ಕೆ ಹಾರದಿದ್ದರೆ ಅಷ್ಟೂ ಅವಳ ಮೈಮೇಲೆ ಬೀಳುತ್ತಿತ್ತು. ಪಾದದ ಮೇಲೆ ಒಂದಿಷ್ಟು ಬಿದ್ದೇಬಿಟ್ಟಿತು.

ಮೇಜಣ್ಣ ಅವಳ ಪಾದಕ್ಕೆ ತಣ್ಣೀರು ಹೊಯ್ಯುತ್ತ ಕುಳಿತ. ಜೀವ ಬಾಯಿಗೆ ಬರಬೇಕಿತ್ತು, ಬರಲಿಲ್ಲ. ಮಗಳು ಬೆಂದುಹೋಗಿದ್ದರೂ ಹೀಗೇ ಕುಳಿತಿರುತ್ತಿದ್ದೆನೇನೋ ಎನ್ನಿಸಿ ಅವನಿಗೆ ಹೆದರಿಕೆಯಾಯಿತು.

"ಹತ್ತಿ ನೋಡಿದ್ದೆ ಕಣಮ್ಮ. ನಾಲ್ಕೂ ಮೂಲೆ."

"ನಾನೂ ನೋಡ್ತಾ ಇದ್ದೆ." ಮಗಳು ಅವನ ಮಣಿಕಟ್ಟು ಹಿಡಿದಳು. ಅವಳ ಬೆರಳು ಸುತ್ತಿ ಬಂದು ಅವಳದೇ ಹೆಬ್ಬೆರಳನ್ನು ದಾಟಿತು. "ಅಪ್ಪ, ನೀನು ಹತ್ತಿದ್ದು ಮೇಜಿಗೇ ಗೊತ್ತಾಗಿಲ್ಲ."

ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ನಾಳೆಯಿಂದ ಅಕ್ಕಿ ಮೂಟೆ ಇಟ್ಟು ನೋಡೋಣ ಬಿಡು" ಎಂದಳು.

"ಬೇಡ. ಅನ್ನ ಹಾಕು."

ಬೇಳೆ ನೆಲದ ಪಾಲಾಗಿತ್ತು. ಬರೀ ಅನ್ನಕ್ಕೆ ಉಪ್ಪು ಕಲಸಿಕೊಂಡ. ಹಸಿವಿರಲಿಲ್ಲ, ರುಚಿಯೂ ಹತ್ತಲಿಲ್ಲ. ಗಂಟಲಲ್ಲಿ ನಿಂತಾಗ ನೀರು ಕುಡಿದು ಇಳಿಸಿದ. ತಟ್ಟೆ ಖಾಲಿ ಮಾಡಿ ಮತ್ತೆ ಮುಂದಕ್ಕೆ ಚಾಚಿದ. ಮಗಳು ಕುಂಟುತ್ತ ಬಂದು ಬಡಿಸಿದಳು.