ಇಲ್ಮಾಳ ಅಕ್ಕ

ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಪಾಕೊಜ್ದಿ ಓಟಿಲಿಯಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಗೇಟಿನ ಕಾವಲುಗಾರನಿಂದ ಹಿಡಿದು ಡೈರೆಕ್ಟರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ‘ಇಲ್ಮಾಳ ಅಕ್ಕ’. ಇಲ್ಮಾ ಎಂದರೆ ನಟಿ ಪಾಕೊಜ್ದಿ ಇಲ್ಮಾ. ಬುಡಾಪೆಸ್ಟಿನ ಮಾಂಸದಂಗಡಿಯವನು ಸಾಲನ್ನೆಲ್ಲ ಬಿಟ್ಟು, ಒಳಗಿನಿಂದ ಒಳ್ಳೆಯ ತುಂಡು ತಂದು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದದ್ದು ಅವಳಿಗೆ. ಅದೇ ಅಂಗಡಿಯಲ್ಲಿ ಓಟಿಲಿಯಾ ಸಾಲಿನಲ್ಲಿ ನಿಂತು ಸೂಪಿನ ಮೂಳೆ ತರುತ್ತಿದ್ದಳು.

ಆ ಕರೆಯುವ ಹೆಸರಿನಲ್ಲಿ ಒಂದು ತಪ್ಪಿತ್ತು. ಓಟಿಲಿಯಾ ಅಕ್ಕ ಅಲ್ಲ, ತಂಗಿ. ಇಲ್ಮಾಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನಾನು ಸ್ಟುಡಿಯೋದಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುವವಳು. ಆದರೆ ಅದಕ್ಕೆ ಎಷ್ಟೋ ಮೊದಲು, ಮಾಕೋ ಊರಿನ ಶಾಲೆಯಲ್ಲಿ, ಅವಳೂ ನಾನೂ ಒಂದೇ ಬೆಂಚು. ಊರಿಗೆ ಊರೇ ಈರುಳ್ಳಿ ನಾರುತ್ತಿದ್ದ ಅಲ್ಲಿ ಅವಳನ್ನು ‘ಇಲ್ಮಾಳ ತಂಗಿ’ ಎಂದು ಕರೆಯುತ್ತಿದ್ದರು. ಸ್ವಂತ ಹೆಸರಿನ ಯೋಗ ಅವಳಿಗೆ ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ ಅನ್ನಿ.

ಇದು ತಿರುಗುಮುರುಗಾದದ್ದು ಯುದ್ಧ ಮುಗಿದ ಹೊಸತರಲ್ಲಿ. ಇಲ್ಮಾ ನಾಟಕ ಕಲಿಯಲು ರಾಜಧಾನಿಗೆ ಬಂದವಳು. ಓಟಿಲಿಯಾ ಅವಳ ಸೆರಗು ಹಿಡಿದುಕೊಂಡೇ ಬಂದಿದ್ದಳು. ಯುದ್ಧದ ಕೊನೆಯಲ್ಲಿ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿದ ಚಳಿಗಾಲವನ್ನು ಇಬ್ಬರೂ ನೆಲಮಾಳಿಗೆಯಲ್ಲಿ ಕಳೆದರು. ಮನೆ ಸುಟ್ಟಿತು, ಕಾಗದಪತ್ರವೂ ಸುಟ್ಟುಹೋಯಿತು. ಹೊಸ ಗುರುತಿನ ಚೀಟಿ ಮಾಡಿಸುವಾಗ ಗುಮಾಸ್ತ ಹುಟ್ಟಿದ ವರ್ಷ ಕೇಳಿದ. ಆ ಹೊತ್ತಿಗೆ ಒಂದು ನಾಟಕದಲ್ಲಿ ಎಳೆ ಹುಡುಗಿಯ ಪಾತ್ರ ಖಾಲಿ ಇತ್ತು. ಇಲ್ಮಾ ಐದು ವರ್ಷ ನುಂಗಿ ಹೇಳಿದಳು. ಓಟಿಲಿಯಾಗೆ ಸುಳ್ಳು ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಚೇರಿಯ ಮೆಟ್ಟಿಲು ಇಳಿಯುವಾಗ ಅಕ್ಕ ತಂಗಿಯಾಗಿದ್ದಳು, ತಂಗಿ ಅಕ್ಕನಾಗಿದ್ದಳು.

ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಬಹುದು. ನಮ್ಮಲ್ಲಿ ಹುಟ್ಟಿದ ದಿನ ಮನೆಯೊಳಗಿನ ವಿಷಯ. ಆಫೀಸಿನಲ್ಲಿ ಆಚರಿಸುವುದು ಹೆಸರಿನ ದಿನ. ಕ್ಯಾಲೆಂಡರಿನಲ್ಲಿ ನಿಮ್ಮ ಹೆಸರು ಎಲ್ಲಿ ಬಿದ್ದಿದೆಯೋ ಅಂದು ಹೂವು, ಉಪ್ಪಿನ ಬಿಸ್ಕತ್ತು, ಒಂದೊಂದು ಗುಟುಕು ಹಣ್ಣಿನ ಸಾರಾಯಿ. ಹೆಸರಿಗೆ ಎಲ್ಲಾದರೂ ವಯಸ್ಸಾಗುತ್ತದೆಯೇ? ಹೀಗಾಗಿ ಇಲ್ಮಾ ನೆಮ್ಮದಿಯಾಗಿ ಬಾಳಿದಳು. ಓಟಿಲಿಯಾ ಕೂಡ ಬಿಳಿ ಕೂದಲಿಗೆ ಬಣ್ಣ ಹಚ್ಚದೆ, ಚಪ್ಪಟೆ ಬೂಟು, ಬೂದು ಕೋಟು ಹಾಕಿಕೊಂಡು, ನೋಡಿದವರು ಅನುಮಾನ ಪಡದ ಹಾಗೆ ನೋಡಿಕೊಂಡಳು.

ನನಗೆ ಇಲ್ಮಾಳನ್ನು ಕಂಡರೆ ಆಗುತ್ತಿರಲಿಲ್ಲ. ಹೊರಗಿನವರ ಮುಂದೆ ನಾಟಕ ಆಡಲಿ, ಅದು ಅವಳ ಹೊಟ್ಟೆಪಾಡು. ಆದರೆ ಇವಳು ಮನೆಯೊಳಗೂ ಅದನ್ನೇ ಆಡುತ್ತಿದ್ದಳು. ಬಾಗಿಲು ಹಾಕಿದ ಮೇಲೂ ಓಟಿಲಿಯಾಳನ್ನು ‘ಅಕ್ಕಾ, ಕಾಫಿ ಇಡೆ’ ಎನ್ನುತ್ತಿದ್ದಳು. ಮೊದಮೊದಲು ತಮಾಷೆಗೆ ಶುರುವಾದದ್ದು, ಆಮೇಲೆ ನಾಲಿಗೆಗೆ ಅಂಟಿಕೊಂಡಿತು. ಅವಳ ಮುಖಕ್ಕೆ ಹೇಳಬಾರದೇನೆ ಎಂದು ನಾನು ಓಟಿಲಿಯಾಳನ್ನು ಒಮ್ಮೆ ಗದರಿಸಿದೆ. ಅವಳು ತಲೆ ತಗ್ಗಿಸಿ ಬಿಸ್ಕತ್ತಿನ ಪುಡಿ ಗುಡ್ಡೆ ಮಾಡುತ್ತ ಕೂತಿದ್ದಳು.

“ನನಗೆ ಬೇರೆ ಏನೂ ಬೇಡ ಕಣೆ,” ಅಂದಳು. “ಸಾಯೋದ್ರೊಳಗೆ ಒಂದ್ಸಲ ತಂಗಿ ಅನ್ಲಿ. ಕೇಳಿ ಅನ್ನಿಸ್ಕೊಂಡ್ರೆ ಏನು ಬಂತು? ಅವಳಾಗೇ ಅನ್ಬೇಕು.”

ಇನ್ನು ಅವಳ ಕೆಲಸದ ಮಾತು. ಇಂಗ್ಲಿಷ್ ಚಿತ್ರಗಳನ್ನು ನಮ್ಮ ಭಾಷೆಗೆ ತರುವವಳು ಅವಳು. ಇಂಗ್ಲಿಷಿನವರು ಜುಗ್ಗರು, ಒಂದು ಮಾತು ಕೊಂಡರೆ ಅದನ್ನೇ ಹತ್ತು ಕೆಲಸಕ್ಕೆ ಹಚ್ಚುತ್ತಾರೆ ಎಂದು ಅವಳು ನಗುತ್ತಿದ್ದಳು. ಸ್ಪ್ರಿಂಗ್ ಎಂದರೆ ವಸಂತವೂ ಹೌದು, ನೀರಿನ ಒರತೆಯೂ ಹೌದು, ಹಾಸಿಗೆಯೊಳಗಿನ ಸುರುಳಿಯೂ ಹೌದು. ಬ್ಯಾಂಕ್ ಎಂದರೆ ದುಡ್ಡಿನ ಮನೆ, ನದಿಯ ದಡ. ಲೈಟ್ ಎಂದರೆ ಬೆಳಕು, ಹಗುರ. ಇವೆಲ್ಲ ಮಕ್ಕಳಾಟ, ತೆರೆ ನೋಡಿದರೆ ತಿಳಿಯುತ್ತದೆ ಎನ್ನುತ್ತಿದ್ದಳು. ಹಾಸಿಗೆ ಕಂಡರೆ ಸುರುಳಿ, ಹೂವು ಕಂಡರೆ ವಸಂತ. ತೆರೆ ನೋಡಿದರೂ ತಿಳಿಯದ ಮಾತು ಒಂದಿತ್ತು: ಸಿಸ್ಟರ್. ಅವರಿಗೆ ಅಕ್ಕನೂ ಅದೇ, ತಂಗಿಯೂ ಅದೇ. ನಮ್ಮ ಹಂಗೇರಿಯನ್ನಿನಲ್ಲಿ ಹಾಗೆ ನಡೆಯುವುದಿಲ್ಲ. ಯಾರು ಮೊದಲು ಹುಟ್ಟಿದವರು ಎಂದು ಗೊತ್ತಿಲ್ಲದೆ ಬಾಯಿ ತೆರೆಯುವ ಹಾಗೇ ಇಲ್ಲ.

ಅದಕ್ಕೆ ನಮ್ಮ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಇಂಗ್ಲಿಷ್ ಕತೆ ವಯಸ್ಸು ಹೇಳದಿದ್ದರೆ, ಯಾರು ಹಿರಿಯಳು ಯಾರು ಕಿರಿಯಳು ಎಂಬುದನ್ನು ಅನುವಾದಕಿ ತೀರ್ಮಾನಿಸಬೇಕು. ಎಲ್ಲಾ ಕಂತುಗಳನ್ನೂ ನೋಡಿರುವವಳು ಅವಳೊಬ್ಬಳೇ ತಾನೆ? ಡೈರೆಕ್ಟರ್ ಕೂಡ ಅದರಲ್ಲಿ ಕೈ ಹಾಕುತ್ತಿರಲಿಲ್ಲ. ಓಟಿಲಿಯಾ ನಟಿಯರ ಮುಖದ ಸುಕ್ಕು ನೋಡುತ್ತಿರಲಿಲ್ಲ. ಮನೆಯಿಂದ ಹೊರಡುವಾಗ ಗ್ಯಾಸ್ ಆರಿದೆಯಾ ಎಂದು ತಿರುಗಿ ನೋಡುವವಳು ಯಾರು, ಬೈದ ಮೇಲೆ ಊಟಕ್ಕೆ ಕರೆಯುವವಳು ಯಾರು ಎಂದು ನೋಡುತ್ತಿದ್ದಳು. ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ.

ಹೀಗಿರುವಾಗ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬಂತು. ಸಮುದ್ರದ ದಡದಲ್ಲಿ ವಸತಿಗೃಹ ನಡೆಸುವ ಎಡಿತ್ ಮತ್ತು ವಿನಿ ಎಂಬ ಅಕ್ಕತಂಗಿಯರ ಕತೆ. ಮೊದಲಿನಿಂದ ಕೊನೆಯ ತನಕ ಯಾರು ದೊಡ್ಡವಳು ಎಂಬ ಮಾತೇ ಇಲ್ಲ. ಡೈರೆಕ್ಟರ್ ಹೊಲ್ಲೋಶಿ ಸಾಹೇಬರು ಎಡಿತ್‌ಗೆ ಇಲ್ಮಾಳ ದನಿ ಗೊತ್ತುಮಾಡಿದರು, ವಿನಿಗೆ ಚೆರ್ನಾ ಯೋಲಾನ್ ಎಂಬ ನಟಿಯ ದನಿ. ಓಟಿಲಿಯಾ ಎಡಿತ್‌ಳನ್ನು ಅಕ್ಕ ಮಾಡಿ ಬರೆದಳು. ಅಂದರೆ ಇಲ್ಮಾ ಪ್ರತಿ ವಾರ, ಇಡೀ ದೇಶ ಕೇಳುವ ಹಾಗೆ, ‘ತಂಗಿ’ ಎನ್ನಬೇಕು.

ಮೊದಲ ಓದಿನ ದಿನವೇ ಇಲ್ಮಾ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದಳು. ತಾನು ಈ ಯೋಲಾನ್‌ಗೆ ಅಕ್ಕನಂತೆ ಕಾಣುತ್ತೇನೆಯೇ, ಇದು ಯಾರ ಕಿತಾಪತಿ ಎಂದು ಕೂಗಾಡಿದಳು. ಯೋಲಾನ್ ಮಾತ್ರ ಬೆಣ್ಣೆ ತಿಂದ ಬೆಕ್ಕಿನ ಹಾಗೆ ಕೂತಿದ್ದಳು. ಹೊಲ್ಲೋಶಿ ಸಾಹೇಬರು ಜಗಳ ಬಿಡಿಸಲು, ಎರಡೂ ಬೇಡ, ಇಬ್ಬರೂ ‘ಸಹೋದರಿ’ ಎಂದುಬಿಡಿ ಎಂದರು. ಒಂದು ಸಾಲು ಓದಿ ನೋಡಿದರು. ಅಡುಗೆಮನೆಯ ಜಗಳ ಪಕ್ಷದ ಸಭೆಯ ಭಾಷಣದಂತೆ ಕೇಳಿಸಿತು; ಧ್ವನಿಮುದ್ರಣ ಯಂತ್ರದ ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಸಾಹೇಬರು ಕೈ ಚೆಲ್ಲಿದರು.

ಮಧ್ಯಾಹ್ನ ಇಲ್ಮಾ ತಂಗಿಯನ್ನು ನನ್ನ ಕತ್ತರಿ ಕೋಣೆಗೇ ಎಳೆದು ತಂದಳು. ನಾನು ಅಲ್ಲಿದ್ದೇನೆ ಎಂಬ ಪರಿವೆ ಕೂಡ ಇಲ್ಲ. ಮಾಕೋದವಳು ನಾನು, ನನ್ನ ಮುಂದೆ ಅವಳಿಗೆ ಮುಚ್ಚಿಡುವುದೇನಿತ್ತು?

“ಸೇಡು ತೀರಿಸ್ಕೋತಿದೀಯ ಅಲ್ವಾ?” ಅಂದಳು. “ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೇ. ನಾಳೆಯಿಂದ ಅಜ್ಜಿ ಪಾತ್ರಾನೇ ಕೊಡ್ತಾರೆ ನಂಗೆ.”

ಓಟಿಲಿಯಾ ದನಿ ಏರಿಸಲಿಲ್ಲ. ಎಡಿತ್ ಅಕ್ಕನೇ, ಅದನ್ನು ತಾನು ಮಾಡಿದ್ದಲ್ಲ ಎಂದಳು. ಒಲೆಯ ಹತ್ತಿರದ ಆ ದೃಶ್ಯ ನೋಡು, ಅವಳು ವಿನಿಗೆ ದರಿದ್ರದವಳೇ ಎಂದು ಬೈಯುತ್ತಾಳೆ, ಬೈಯುತ್ತಲೇ ತನ್ನ ತಟ್ಟೆಯದನ್ನು ಅವಳ ತಟ್ಟೆಗೆ ಹಾಕುತ್ತಾಳೆ ಎಂದಳು. ಆಮೇಲೆ ಮೆಲ್ಲಗೆ ಇಷ್ಟು ಸೇರಿಸಿದಳು: “ನೆಲಮಾಳಿಗೇಲಿ ಕುದುರೆ ಮಾಂಸ ಸಿಕ್ಕಿದ ದಿನ ನೀನು ಹಾಗೇ ಮಾಡಿದ್ದೆ. ನಾನದನ್ನ ನೋಡಿದೀನಿ, ಅದಕ್ಕೇ ಗೊತ್ತು.”

ಇಲ್ಮಾ ಬಾಗಿಲು ದಡಾರನೆ ಹಾಕಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಓಟಿಲಿಯಾ ಕೆಂಪು ಕಣ್ಣು ಮಾಡಿಕೊಂಡು ಬಂದಳು. ಕೈಯಲ್ಲಿ ತಿದ್ದಿದ ಹಾಳೆಗಳು. ಎಡಿತ್‌ಳನ್ನು ತಂಗಿ ಮಾಡಿ, ಅವಳ ಬಾಯಲ್ಲಿ ‘ಅಕ್ಕ’ ಹಾಕಿ, ತುಟಿಯ ಅಲುಗಾಟಕ್ಕೆ ಸರಿಹೊಂದುವ ಹಾಗೆ ಎಲ್ಲವನ್ನೂ ಹೊಸದಾಗಿ ಬರೆದಿದ್ದಳು. ನನಗೆ ಮೈಯೆಲ್ಲ ಉರಿಯಿತು. ಬೆನ್ನೆಲುಬು ಇಲ್ಲವೇನೆ ನಿನಗೆ ಎಂದು ಕೇಳಿಯೂಬಿಟ್ಟೆ. ಹೋಗಲಿ ಬಿಡು, ಅಕ್ಕನ ಅನ್ನ ಕಿತ್ತುಕೊಳ್ಳುವುದಕ್ಕೆ ನನ್ನಿಂದ ಆಗುವುದಿಲ್ಲ ಎಂದು ಒಳಗೆ ಹೋದಳು.

ಧ್ವನಿಮುದ್ರಣ ಶುರುವಾಯಿತು. ದೃಶ್ಯವನ್ನು ನಾನು ಚಿಕ್ಕ ಚಿಕ್ಕ ತುಂಡು ಮಾಡಿ, ಎರಡು ತುದಿ ಸೇರಿಸಿ ಬಳೆಯ ಹಾಗೆ ಅಂಟಿಸಿ ಕೊಡುತ್ತಿದ್ದೆ. ನಟರ ಮಾತು ಕೂಡುವ ತನಕ ಅದೇ ತುಂಡು ತೆರೆಯ ಮೇಲೆ ತಿರುತಿರುಗಿ ಬರುತ್ತಿತ್ತು. ಹಿಂದಿನ ದಿನದ ಜಗಳದ ಕಾರಣಕ್ಕೆ ಸಾಹೇಬರು ಒಲೆಯ ದೃಶ್ಯವನ್ನೇ ಮೊದಲು ಹಾಕಿಸಿದರು. ಇಲ್ಮಾ ಮೈಕಿನ ಮುಂದೆ ನಿಂತು, ‘ಅಕ್ಕಾ, ದರಿದ್ರದವಳೇ’ ಎಂದಳು. ತುಟಿ ಸರಿಯಾಗಿ ಕೂತಿತು. ಸಾಹೇಬರು ತಲೆಯಾಡಿಸಿದರು. ಇಲ್ಮಾ ಮಾತ್ರ ಇನ್ನೊಮ್ಮೆ ಎಂದಳು. ಮತ್ತೆ ಇನ್ನೊಮ್ಮೆ. ತೆರೆಯ ಮೇಲೆ ಎಡಿತ್ ಬೈಯುತ್ತ ಬೈಯುತ್ತ ತಟ್ಟೆ ಸರಿಸುತ್ತಲೇ ಇದ್ದಳು. ಕೊನೆಗೆ ಇಲ್ಮಾ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದು ಸ್ಟ್ಯಾಂಡಿಗೆ ನೇತುಹಾಕಿದಳು.

“ಇದು ಕೊಬ್ಬಿದ ತಂಗಿ ಮಾತಾಗ್ತಿದೆ,” ಅಂದಳು. “ಈ ಹೆಂಗಸು ಅಂಥವಳಲ್ಲ. ಹಳೇ ಹಾಳೆ ಎಲ್ಲಿದೆ, ಕೊಡಿ.”

ಇದೊಂದನ್ನು ಒಪ್ಪಬೇಕು. ಇಲ್ಮಾಗೆ ಎಷ್ಟೇ ಬಿಂಕ ಇರಲಿ, ಸುಳ್ಳು ಅಭಿನಯ ಮಾತ್ರ ಅವಳಿಂದ ಆಗದು. ಬದುಕಿನಲ್ಲಿ ಮಾಡಿದಳಲ್ಲ ಎಂದರೆ, ಅಲ್ಲಿ ಅವಳಿಗೆ ಅವಳ ದನಿ ತಿರುಗಿ ಕೇಳುತ್ತಿರಲಿಲ್ಲ. ಹಳೆಯ ಹಾಳೆ ಬಂತು. ‘ತಂಗೀ, ದರಿದ್ರದವಳೇ’ ಎಂದಳು. ಎರಡನೆಯ ಸಲ ಬೇಕಾಗಲಿಲ್ಲ. ಗಾಜಿನ ಈಚೆ ಓಟಿಲಿಯಾ ಪೆನ್ಸಿಲ್ ಹಿಡಿದು ಕೂತಿದ್ದಳು. ಖುಷಿಯಾಯಿತಾ ಎಂದು ನಾನು ಮೊಣಕೈಯಿಂದ ತಿವಿದೆ. ಅವಳು ಕರೆದದ್ದು ವಿನಿಯನ್ನು, ನನ್ನನ್ನಲ್ಲ ಎಂದಳು, ಅಷ್ಟೆ. ಆದರೆ ಪೆನ್ಸಿಲಿನ ತುದಿ ಮುರಿದಿತ್ತು.

ಧಾರಾವಾಹಿ ಮನೆಮನೆಯ ಮಾತಾಯಿತು. ಜನ ಇಲ್ಮಾಳನ್ನು ಮುದುಕಿ ಎನ್ನಲಿಲ್ಲ. ಅಂಥ ಅಕ್ಕ ನಮಗೂ ಇರಬಾರದಿತ್ತೇ ಎಂದರು. ಅವಳು ಹೆದರಿದ್ದೇನೂ ಆಗಲಿಲ್ಲ. ಕೊನೆಯ ಕಂತಿನ ಧ್ವನಿಮುದ್ರಣದ ದಿನ ಒಂದು ವಾರಪತ್ರಿಕೆಯ ವರದಿಗಾರ್ತಿ ಫೋಟೋದವನನ್ನು ಕರೆದುಕೊಂಡು ನಮ್ಮ ಕ್ಯಾಂಟೀನಿಗೆ ಬಂದಳು. ಇಲ್ಮಾ, ಯೋಲಾನ್, ಸಾಹೇಬರು ಒಂದು ಮೇಜಿಗೆ ಕೂತಿದ್ದರು. ನಾನೂ ಓಟಿಲಿಯಾಳೂ ಪಕ್ಕದ ಮೇಜಿನಲ್ಲಿ ಎಲೆಕೋಸಿನ ಪಲ್ಯ ತಿನ್ನುತ್ತಿದ್ದೆವು. ಎಲ್ಲ ಕೇಳಿ ಮುಗಿದ ಮೇಲೆ ವರದಿಗಾರ್ತಿ ಈ ಕಡೆ ತಿರುಗಿ, ಮಾತುಗಳನ್ನು ಬರೆದವರು ಇವರೇ ತಾನೆ, ನಿಮ್ಮ ಅಕ್ಕ, ಇವರದೂ ಒಂದು ಫೋಟೋ ಇರಲಿ ಎಂದಳು. ಓಟಿಲಿಯಾ ರೂಢಿಯಂತೆ ಕೂದಲು ಸರಿಮಾಡಿಕೊಂಡು ಏಳಲು ಹೋದಳು.

“ಅಕ್ಕ ಅಲ್ಲ,” ಅಂದಳು ಇಲ್ಮಾ. “ನನ್ನ ತಂಗಿ.”

ವರದಿಗಾರ್ತಿ ಗೊಳ್ಳೆಂದು ನಕ್ಕಳು. ಎಡಿತ್‌ಳ ಮಾತನ್ನು ಸ್ವಂತ ಅಕ್ಕನ ಮೇಲೇ ಪ್ರಯೋಗಿಸಿದಳು ಎಂದುಕೊಂಡಳು. ಸಾಹೇಬರು ನಕ್ಕರು, ಯೋಲಾನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಮಾ ನಗಲಿಲ್ಲ. ಎರಡು ವರ್ಷಕ್ಕೆ ಚಿಕ್ಕವಳು, ಬೇಕಾದರೆ ಮಾಕೋದಲ್ಲಿ ಕೇಳಿ ಎಂದಳು. ಅದಕ್ಕಂತೂ ಕಾಫಿ ಸುರಿಯುವವಳೂ ಬಿದ್ದು ಬಿದ್ದು ನಕ್ಕಳು. ಇಷ್ಟು ದೊಡ್ಡ ನಟಿಯಾದರೂ ಅಕ್ಕನೊಂದಿಗೆ ಮಗುವಿನಂತೆ ಚೇಷ್ಟೆ ಮಾಡುತ್ತಾರೆ ಎಂದು ಆ ಪತ್ರಿಕೆಯಲ್ಲಿ ಆಮೇಲೆ ಬಂತು. ನೋಡಿ ಅದೃಷ್ಟ! ಒಂದು ಜನ್ಮದ ಸುಳ್ಳಿಗೆ ಹೂಗುಚ್ಛ ಸಿಕ್ಕಿತ್ತು, ಬಾಯಿ ಬಿಟ್ಟು ಹೇಳಿದ ಒಂದು ನಿಜಕ್ಕೂ ಹೂಗುಚ್ಛವೇ ಸಿಕ್ಕಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ಟ್ರಾಮಿನಲ್ಲಿ ಓಟಿಲಿಯಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಬ್ಬರೂ ನಂಬಲಿಲ್ಲವಲ್ಲೇ, ನಾಳೆ ಗೇಟಿನಲ್ಲಿ ಮತ್ತೆ ನೀನು ಇಲ್ಮಾಳ ಅಕ್ಕನೇ, ಏನು ಬಂದ ಹಾಗಾಯಿತು ಎಂದು ನಾನು ಕೊಂಕು ತೆಗೆದೆ. ಅವಳು ತಿರುಗಿದಳು. ಮುಖವೆಲ್ಲ ಒದ್ದೆ.

“ಅವರಿಗೆ ಹೇಳಿದ್ದಲ್ಲ ಕಣೆ ಅವಳು,” ಅಂದಳು. “ನನ್ನ ಮುಖ ನೋಡ್ಕೊಂಡು ಹೇಳಿದ್ಲು.”

ಅವಳು ಇಳಿಯಬೇಕಾದ ನಿಲ್ದಾಣ ಬಂತು, ಹೋಯಿತು. ನಾನು ಅವಳನ್ನು ಏಳಿಸಲಿಲ್ಲ.