ಕೊಟ್ಟಿಗೆ ಅಂದವಳು ನಾನು

ಜುಲೇಖಾ, ನಿನ್ನ ಮನೆಯನ್ನು ದನದ ಕೊಟ್ಟಿಗೆ ಎಂದು ಬರೆಸಿದವಳು ನಾನು. ಸಗಣಿ ನೋಡಿ ಆಫೀಸಿನವರು ತಪ್ಪು ತಿಳಿದರು ಅಂತ ಏಳು ವರ್ಷದಿಂದ ನಂಬಿಕೊಂಡಿದ್ದೀಯ. ಅವರು ತಪ್ಪು ತಿಳಿಯಲಿಲ್ಲ. ನನ್ನನ್ನು ಕೇಳಿದರು, ನಾನು ಹೇಳಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಷ್ಟುದ್ದ ಯಾವತ್ತೂ ಬರೆದವಳಲ್ಲ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದು ಅದರ ನಡುವೆಯೇ ಇದೆ.

ನಿನ್ನ ಗಂಡ ಇಬ್ರಾಹಿಂ ನಮ್ಮ ತೋಟದ ಪಂಪು ನೋಡಿಕೊಳ್ಳುತ್ತಿದ್ದ. ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಭದ್ರಾ ಹೊಳೆಯಿಂದ ನೀರೆತ್ತಿ ಕಾಫಿ ಗಿಡಕ್ಕೆ ಹಾರಿಸಬೇಕು. ಆ ನಾಲ್ಕು ದಿನ ಪಂಪು ಕೆಟ್ಟರೆ ವರ್ಷದ ಫಸಲೇ ಹೋಯಿತು. ಅದಕ್ಕೇ ನಮ್ಮನೆಯವರು ದಂಡೆಯ ಮೇಲೆ ಜಾಗ ತೋರಿಸಿ, "ಇಲ್ಲೇ ಮನೆ ಕಟ್ಟಿಕೊ ಮಾರಾಯ, ಪಂಪಿನ ಸದ್ದು ಕಿವಿಗೆ ಬೀಳುವ ಹಾಗೆ ಇರು" ಅಂದರು. ಬಾಯಿಮಾತು, ಕಾಗದ ಇಲ್ಲ. ಗೋಡೆ ನೀವಿಬ್ಬರೇ ಎಬ್ಬಿಸಿದಿರಿ. ನೀನು ಬಸುರಿ, ಸೀರೆ ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದೆ. ನಾನು ಮೇಲೆ ಕಣದಲ್ಲಿ ನಿಂತು ನೋಡಿದ್ದೇನೆ. ನಿನ್ನ ಮಗಳು ಹುಟ್ಟಿದ್ದು ಆ ಮನೆಯಲ್ಲಿ, ಇಬ್ರಾಹಿಂ ಸತ್ತದ್ದು ಆ ಮನೆಯಲ್ಲಿ. ಇಪ್ಪತ್ತಾರು ವರ್ಷ ನಿನ್ನ ಒಲೆಯ ಹೊಗೆ ನನ್ನ ಹಿತ್ತಲಿನಿಂದ ಕಾಣುತ್ತಿತ್ತು. ಇಷ್ಟೆಲ್ಲ ನೋಡಿದವಳ ಬಾಯಲ್ಲೇ ಆ ಮಾತು ಬಂತು—

ಆ ಆಗಸ್ಟ್‌ನಲ್ಲಿ ಹೊಳೆ ಏರುತ್ತಿದೆ ಎಂದು ದಂಡೆಯವರನ್ನೆಲ್ಲ ಶಾಲೆಗೆ ಕಳಿಸಿದರು. ನೀನು ಪಾತ್ರೆ ಬಟ್ಟೆ ಗಂಟು ಕಟ್ಟಿ ಹೊರಡುವ ಹೊತ್ತಿಗೇ ನಮ್ಮ ಕೊಟ್ಟಿಗೆಯ ಮೇಲೆ ಗುಡ್ಡದ ದರೆ ಜರಿಯಿತು. ಹೇಗೋ ಹಗ್ಗ ಕೊಯ್ದು ಗೌರಿಯನ್ನೂ ಇನ್ನೆರಡು ದನವನ್ನೂ ಹೊರಗೆ ಎಳೆದೆವು. ಅವು ಮಳೆಯಲ್ಲಿ ನಿಂತು ನಡುಗುತ್ತಿದ್ದವು. ನಮ್ಮ ಜಗಲಿಯಲ್ಲಿ ಕಟ್ಟಬಹುದಿತ್ತು. ಹೊಸದಾಗಿ ಟೈಲ್ಸ್ ಹಾಕಿಸಿದ್ದೆ, ಕಟ್ಟಲಿಲ್ಲ. ಆಗ ನೀನೇ ಕೂಗಿದೆ.

"ಅಕ್ಕಾ, ದನ ನಮ್ಮನೆ ಒಳಗೆ ಕಟ್ಟಿ. ಹೇಗೂ ಖಾಲಿ ಉಂಟು. ನೀರು ಬರಲಿಕ್ಕೆ ಇನ್ನೂ ಆಳೆತ್ತರ ಬಾಕಿ ಉಂಟು."

"ಒಳಗಾ? ನೆಲ ಎಲ್ಲ ಗಲೀಜಾಗ್ತದಲ್ಲೇ."

"ತೊಳೆದರೆ ಹೋಗ್ತದೆ. ನಿಮ್ಮ ಗೌರಿಗೆ ಮಾತ್ರ ಹೇಳಿಡಿ, ನನ್ನ ಅಡುಗೆಮನೆಗೆ ಬಂದು ಯಜಮಾನಿಕೆ ಮಾಡಬಾರದು ಅಂತ."

ಆ ಮಳೆಯಲ್ಲೂ ನಗಿಸಿದೆ. ನಕ್ಕೆ ನಾನು.

ಎರಡು ದಿನ ದನಗಳು ನಿನ್ನ ಮುಂದಿನ ಕೋಣೆಯಲ್ಲಿ ನಿಂತವು. ನೆಲಕ್ಕೆ ಗೂಟ ಹೊಡೆಸಿದ್ದೂ ನಾನೇ. ಮೂರನೇ ದಿನ ನೀರು ಮೆಟ್ಟಿಲು ಮುಟ್ಟಿತು, ದನ ಬಿಚ್ಚಿ ಮೇಲೆ ಹೊಡೆದುಕೊಂಡು ಬಂದೆವು. ಮಧ್ಯಾಹ್ನದ ಹೊತ್ತಿಗೆ ಹೊಳೆ ಕಡೆಯ ಗೋಡೆ ನೆನೆದು ಕುಸಿಯಿತು. ಹಂಚೆಲ್ಲ ಜಾರಿ ಬಿತ್ತು.

ನೀರು ಇಳಿದ ಮೇಲೆ ಹಾನಿ ಬರೆದುಕೊಳ್ಳಲು ತಾಲ್ಲೂಕು ಆಫೀಸಿನವನು ಬಂದ. ಪ್ಯಾಂಟು ಮಡಚಿಕೊಂಡು, ಕೊಡೆ ಹಿಡಿದು, ಕೈಯಲ್ಲಿ ಒಂದು ಪುಸ್ತಕ. ನೀನಿನ್ನೂ ಶಾಲೆಯಲ್ಲಿದ್ದೆ, ನಡುವೆ ರಸ್ತೆ ಕಡಿದಿತ್ತು. ನಮ್ಮನೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು, ನನ್ನ ಮಗ ಕಳಸಕ್ಕೆ ಹೋಗಿದ್ದ. ಇದನ್ನು ಯಾಕೆ ಹೇಳುತ್ತೇನೆಂದರೆ, ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಉಳಿದ ಮೂರು ಗೋಡೆಯ ನಡುವೆ ಸಗಣಿ, ಗೂಟ, ದನ ತಿಂದು ಬಿಟ್ಟ ಹುಲ್ಲು. ಅವನು ಮೂಗು ಮುಚ್ಚಿಕೊಂಡು ಕೇಳಿದ, "ಅಮ್ಮ, ಇದು ಮನೆನಾ ಕೊಟ್ಟಿಗೆನಾ?"

"ಕೊಟ್ಟಿಗೆ."

"ಒಲೆ ಇದೆಯಲ್ಲ?"

"ದನಕ್ಕೆ ಹುರುಳಿ ಬೇಯಿಸಲಿಕ್ಕೆ."

ಮೊದಲನೆಯ ಮಾತು ಬಾಯಿತಪ್ಪಿ ಬಂತು ಅನ್ನಬಹುದಿತ್ತು. ಎರಡನೆಯದನ್ನು ಹಾಗೆ ಅನ್ನಲಾಗುವುದಿಲ್ಲ. ಅದನ್ನು ನಾನು ನಿಂತಲ್ಲೇ ಹೊಸೆದೆ. ನೀನು ಅನ್ನ ಬೇಯಿಸಿದ ಒಲೆ ಅದು. ನನಗೆ ಜ್ವರ ಬಂದಾಗ ಗಂಜಿ ಬಂದದ್ದೂ ಅದೇ ಒಲೆಯಿಂದ. ಅವನು ಫೋನಿನಲ್ಲಿ ಫೋಟೋ ಹೊಡೆದ, ಬರೆದ, ಪುಸ್ತಕ ನನ್ನ ಮುಂದೆ ಹಿಡಿದ. ಸಹಿ ಹಾಕಿದೆ. ಕೈ ನಡುಗಿತು ಅಂತ ಬರೆದರೆ ಚೆನ್ನಾಗಿರುತ್ತದೆ. ನಡುಗಲಿಲ್ಲ.

ಯಾಕೆ ಹೇಳಿದೆ ಎಂದರೆ— ಜಾಗಕ್ಕೆ. ಮನೆ ಅಂತ ಬರೆದರೆ ನಿನ್ನ ಹೆಸರಿಗೆ ಮನೆ ಮಂಜೂರಾಗುತ್ತದೆ, ಮನೆಯ ಜೊತೆಗೆ ಅದರ ಅಡಿಜಾಗವೂ ನಿನ್ನದಾಗುತ್ತದೆ ಎಂದು ಊರಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಮ್ಮ ತೋಟ ಹೊಳೆಗೆ ಮುಟ್ಟುವುದು ಅದೊಂದೇ ಕಡೆ. ನಾಳೆ ನೀನು ಬೇಲಿ ಹಾಕಿದರೆ? ಯಾರಿಗಾದರೂ ಮಾರಿದರೆ? ನೀನು ಒಂದು ದಿನ ಪೈಪಿಗೆ ಅಡ್ಡ ಬಂದವಳಲ್ಲ. ಆದರೂ ನನ್ನ ತಲೆಯಲ್ಲಿ ಆಗಲೇ ಬೇಲಿ ಬಿದ್ದಾಗಿತ್ತು.

ಹತ್ತು ದಿನ ಬಿಟ್ಟು ನೀನು ನಮ್ಮ ಬಾಗಿಲಿಗೆ ಬಂದೆ. ಪರಿಹಾರದ ಪಟ್ಟಿಯಲ್ಲಿ ನನ್ನ ಮನೆಯೇ ಇಲ್ಲ, ಅಲ್ಲಿ ಕೊಟ್ಟಿಗೆ ಅಂತ ಇದೆ ಎಂದು ನೀನು ಹೇಳಿದೆ. ಬೈಯುತ್ತೀಯ ಎಂದುಕೊಂಡು ನಾನು ಗಟ್ಟಿಯಾಗಿ ನಿಂತಿದ್ದೆ.

"ನನ್ನದೇ ತಪ್ಪು ಅಕ್ಕಾ. ನಾನು ಬೇಗ ಬಂದು ತೊಳೆಯಬೇಕಿತ್ತು. ಸಗಣಿ ನೋಡಿದರೆ ಅವರಿಗೆ ಹೇಗೆ ಗೊತ್ತಾಗಬೇಕು, ಪಾಪ. ನೀವು ಒಂದು ಸಲ ಬಂದು ಹೇಳಿದರೆ ಸಾಕು. ನಿಮ್ಮ ಮಾತು ನಡೀತದೆ."

ನನ್ನ ಮಾತು ನಡೆದಾಗಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಕಾಲುನೋವು, ಮುಂದಿನ ವಾರ ಬರ್ತೇನೆ ಅಂದೆ. ಮುಂದಿನ ವಾರ ಮತ್ತೊಂದು ಹೇಳಿದೆ. ಮೂರನೇ ಸಲ ನೀನು ಕೇಳಲಿಲ್ಲ. ಗಂಟು ಹೊತ್ತುಕೊಂಡು ಬಣಕಲ್‌ನಲ್ಲಿರುವ ಮಗಳ ಮನೆಗೆ ಹೋದೆ. ಹೋಗುವ ಮೊದಲು ಆ ಮೂರು ಗೋಡೆಯ ನಡುವಿನ ನೆಲವನ್ನು ತೊಳೆದೆ. ಯಾರಿಗೆ ತೋರಿಸಲಿಕ್ಕೆ? ನಾನು ಕಣದಿಂದ ನೋಡುತ್ತಲೇ ಇದ್ದೆ. ಇಳಿದು ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಆ ಜಾಗ ಸಮ ಮಾಡಿಸಿ ನೆರಳಿಗೆ ಸಿಲ್ವರ್ ಓಕ್ ಗಿಡ ನೆಡಿಸಿದೆ. ಈಗ ಮನೆಯೆತ್ತರ ಬೆಳೆದಿವೆ.

ಹೋದ ತಿಂಗಳು ಮದುವೆಗೆಂದು ಬಣಕಲ್‌ಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿ ಕೈ ಹಿಡಿದು ಎಳೆದುಕೊಂಡು ಹೋದೆ. ಅಳಿಯನ ಪಂಚರ್ ಅಂಗಡಿಯ ಹಿಂದೆ ಒಂದು ಕೋಣೆ. ಮಂಚದ ಅಡಿಯಲ್ಲಿ ಟಯರುಗಳು. ಕಿಟಕಿ ಇಲ್ಲ. ನಿನ್ನ ಮೊಮ್ಮಗಳು ಟೀ ತಂದಳು. ಅವಳಿಗೆ ನೀನು ಹೇಳಿದೆ, "ಇವರ ಜಾಗದಲ್ಲೇ ಕಣೇ ನಾವು ಇದ್ದದ್ದು. ಒಂದು ದಿನವೂ ಎದ್ದು ಹೋಗಿ ಅಂದವರಲ್ಲ." ಆ ಹುಡುಗಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ದೊಡ್ಡವರು ಸಂಕೋಚ ಪಡುತ್ತಾರೆ ಅಂತ ನೀನು ನಕ್ಕೆ. ಸಂಕೋಚ ಅಲ್ಲ ಜುಲೇಖಾ. ನೀನು ನನ್ನನ್ನು ಬೈದಿದ್ದರೆ ಇನ್ನೂ ಹತ್ತು ವರ್ಷ ಸುಮ್ಮನೆ ಇರುತ್ತಿದ್ದೆನೋ ಏನೋ. ನನ್ನ ಗುಣ ಅಂಥದ್ದು.

ಮಗನಿಗೆ ಹೇಳಿದೆ. "ಈಗ ಯಾಕಮ್ಮ ಕೆದಕ್ತೀಯ? ಅವಳೇ ಮರೆತಿದ್ದಾಳೆ" ಅಂದ. ಅವಳು ಮರೆತಿಲ್ಲ ಮಾರಾಯ, ಅವಳಿಗೆ ಗೊತ್ತೇ ಇಲ್ಲ ಅಂದೆ. ತೋಟ ಇನ್ನೂ ನನ್ನ ಹೆಸರಿನಲ್ಲಿದೆ. ಆ ದಂಡೆಯ ಜಾಗವನ್ನು ನಿನ್ನ ಹೆಸರಿಗೆ ಮಾಡಿಸುತ್ತೇನೆ. ಅದು ಮನೆಯಾಗಿತ್ತು, ನಾನು ಸುಳ್ಳು ಹೇಳಿದ್ದೆ ಎಂದು ಆಫೀಸಿಗೂ ಬರೆದುಕೊಡುತ್ತೇನೆ. ಇದು ದಾನ ಅಂತ ಯಾರಾದರೂ ಅಂದರೆ ನಂಬಬೇಡ. ಇದರಿಂದ ಏಳು ವರ್ಷ ವಾಪಸು ಬರುವುದಿಲ್ಲ, ಅದು ನನಗೆ ಗೊತ್ತು. ನೀನು ಜಾಗ ಬೇಡ ಅಂದರೂ, ನನ್ನ ಮುಖ ನೋಡುವುದಿಲ್ಲ ಅಂದರೂ ಸರಿಯೇ. ಅದು ನಿನಗೆ ಬಿಟ್ಟದ್ದು.

ನಿನಗೆ ಕನ್ನಡ ಓದಲು ಬರುವುದಿಲ್ಲ. ಅಂಚೆಗೆ ಹಾಕಿದರೆ ಮೊಮ್ಮಗಳ ಕೈಯಲ್ಲಿ ಓದಿಸುತ್ತೀಯ. ಆ ಮಗುವಿನ ಬಾಯಲ್ಲಿ ನನ್ನ ಮಾತು ಬರುವುದು ಬೇಡ. ಗುರುವಾರ ಬೆಳಿಗ್ಗೆಯ ಬಸ್ಸಿಗೆ ನಾನೇ ಬರುತ್ತೇನೆ, ಇದನ್ನು ನಿನ್ನ ಮುಂದೆ ನಿಂತುಕೊಂಡು ಓದುತ್ತೇನೆ. ಓದಿ ಮುಗಿಯುವವರೆಗೆ, ಅಕ್ಕಾ ಕೂತುಕೊಳ್ಳಿ ಅಂತ ಮಾತ್ರ ಹೇಳಬೇಡ.